ನಲವತ್ತೊಂದನೇ ಕಲಮಿನಲ್ಲಿ ನಡೆದವರು

ಕಾನೂನಿನ ಕರಡು ಬರೆಯುವ ನಮ್ಮ ಕೊಠಡಿಗೆ ಹೊರಗಿನವರು ಅಕಸ್ಮಾತ್ ಬಂದರೆ, ಇವರಿಗೆಲ್ಲ ತಲೆ ಕೆಟ್ಟಿದೆ ಎಂದುಕೊಂಡು ಹೋಗುತ್ತಾರೆ. ಕನ್ನಡಕ ಹಾಕಿಕೊಂಡ ನಾಲ್ಕು ಜನ ಒಂದು ಮೇಜಿನ ಸುತ್ತ ಕೂತು, ಇಲ್ಲದ ಮನುಷ್ಯನೊಬ್ಬನನ್ನು ಬಾಯಲ್ಲೇ ಊರೆಲ್ಲ ಸುತ್ತಿಸುತ್ತಿರುತ್ತೇವೆ.

"ಈಗ ಅವನು ಮನೆ ಬಾಗಿಲು ಹಾಕ್ಕೊಂಡು ಹೊರಟ."

"ಹೊರಟ. ಕಚೇರಿಗೆ ಬಂದ. ಮುಚ್ಚಿದೆ."

"ಮುಚ್ಚಿದ್ರೆ ಮೂರನೇ ಉಪಕಲಂ. ಮರುದಿನ ಅರ್ಜಿ ಕೊಡಬಹುದು."

"ಮರುದಿನ ರಜೆ. ಅವಧಿ ಮುಗೀತು. ಪಾಪ, ಸತ್ತ."

"ಹಾಗಾದ್ರೆ ಮೂರನೇ ಉಪಕಲಂ ಮತ್ತೆ ಬರೀರಿ."

ಇದಕ್ಕೆ ನಮ್ಮಲ್ಲಿ ಕಲಂ ನಡೆಸುವುದು ಎಂದು ಹೆಸರು. ಯಾವ ಕಲಮನ್ನೇ ಬರೆದರೂ ಅದರೊಳಗೆ ಒಬ್ಬ ಮನುಷ್ಯನನ್ನು ಬಿಟ್ಟು, ಅವನು ಆ ಕಡೆಯಿಂದ ಜೀವಸಹಿತ ಹೊರಗೆ ಬರುತ್ತಾನೋ ಇಲ್ಲವೋ ನೋಡಬೇಕು. ಈ ಪದ್ಧತಿ ಹಾಕಿಕೊಟ್ಟವರು ನಮ್ಮ ಮುಖ್ಯಸ್ಥರು. ಎಲ್ಲರೂ ಅವರನ್ನು ದೊಡ್ಡವರು ಅನ್ನುತ್ತೇವೆ. ಯಾರಾದರೂ ಅವಸರದಲ್ಲಿ ಕಚೇರಿಯಲ್ಲಿ ಅರ್ಜಿ ಕೊಡುವ ಕಿಟಕಿಯಿಂದಲೇ ಕಲಂ ನಡೆಸಲು ಹೊರಟರೆ ಅವರು ಪೆನ್ಸಿಲ್ಲಿನಿಂದ ಮೇಜು ತಟ್ಟುತ್ತಾರೆ. "ಮನೆ ಬಾಗಿಲಿನಿಂದ ಶುರು ಮಾಡಿ. ಅವನು ಕಿಟಕಿ ಹತ್ರ ಹುಟ್ಟಿಲ್ಲ."

ಶಿಕ್ಷೆಯ ಕಲಮಿಗೆ ಮಾತ್ರ ಬೇರೆ ಕ್ರಮ. ಅದರೊಳಗೆ ಕಳ್ಳನನ್ನು ಬಿಡುತ್ತೇವೆ. ಅವನು ಎಲ್ಲಿ ನುಸುಳುತ್ತಾನೆ, ಯಾವ ಪದದ ಸಂದಿಯಲ್ಲಿ ಜಾರಿಕೊಳ್ಳುತ್ತಾನೆ ಎಂದು ನೋಡಿ, ಆ ಸಂದಿಗೆ ಗಾರೆ ಮೆತ್ತುತ್ತೇವೆ. ಈ ಕೆಲಸದಲ್ಲಿ ನನ್ನ ಕೈ ಪಳಗಿದ್ದು. ನಾನು ಬರೆದ ಶಿಕ್ಷೆಯ ಕಲಮಿನಿಂದ ಇಲಿಯೂ ಹೊರಗೆ ಹೋಗುವುದಿಲ್ಲ ಎಂದು ದೊಡ್ಡವರು ಒಮ್ಮೆ ಹೇಳಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಅಮ್ಮನಿಗೂ ತಂಗಿಗೂ ಸಾಕೆನಿಸುವಷ್ಟು ಸಲ ಹೇಳಿದ್ದೇನೆ.

ಈ ಸಲ ನಮ್ಮ ಮೇಜಿನ ಮೇಲಿದ್ದದ್ದು ಮಾಹಿತಿ ಮತ್ತು ಸಂವಹನ ತಂತ್ರಜ್ಞಾನ ಅಭಿವೃದ್ಧಿ ಮಸೂದೆ. ದೇಶದ ಎಲ್ಲ ಸರ್ಕಾರಿ ಸೇವೆಯೂ ಇನ್ನು ಮೇಲೆ ಪರದೆಯ ಮೇಲೆಯೇ ಸಿಗಬೇಕು, ಕಚೇರಿಗಳ ಕಿಟಕಿಗಳನ್ನು ಒಂದೊಂದಾಗಿ ಮುಚ್ಚಬೇಕು, ಮೂಲೆಮೂಲೆಗೂ ತಂತಿ ಎಳೆಯಬೇಕು ಎಂಬ ರಾಷ್ಟ್ರೀಯ ನೀತಿ ಮೊದಲೇ ಹೊರಬಿದ್ದಿತ್ತು. ನೀತಿ ಎಂದರೆ ಆಸೆ, ಬರೆಯುವುದು ಸುಲಭ. ಆ ಆಸೆಗೆ ಕೈಕಾಲು ಜೋಡಿಸಿ ಕಾನೂನು ಮಾಡುವವರು ನಾವು. ಮುಖ್ಯ ಕರಡನ್ನು ದೊಡ್ಡವರು ನನಗೆ ಕೊಟ್ಟಿದ್ದರು. ನನ್ನ ಜೀವಮಾನದಲ್ಲಿ ಇಷ್ಟು ದೊಡ್ಡ ಮಸೂದೆ ನನ್ನ ಕೈಗೆ ಬಂದಿರಲಿಲ್ಲ, ಇನ್ನು ಬರುವುದೂ ಇಲ್ಲ. ಖುಷಿಯಲ್ಲಿ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮೇಜಿನ ಸುತ್ತ ನಾನು, ದೊಡ್ಡವರು, ಮತ್ತು ಮಾತಿನ ನಡುವೆ ಎಲ್ಲೆಂದರಲ್ಲಿ ನಿಲ್ಲುವುದರಿಂದ ಅಲ್ಪವಿರಾಮ ಎಂದು ಹೆಸರು ಬಿದ್ದ ನನ್ನ ಸಹೋದ್ಯೋಗಿ. ನಾಲ್ಕನೆಯವನು ತಂತ್ರಜ್ಞಾನ ಇಲಾಖೆ ಕಳಿಸಿದ ಸಲಹೆಗಾರ. ಮೂವತ್ತರ ಆಸುಪಾಸಿನ ಹುಡುಗ, ಚುರುಕು. ಗೋಡೆಯ ಮೇಲೆ ಚಿತ್ರ ಬಿಡದೆ ಬಾಯಿ ಬಿಡುತ್ತಿರಲಿಲ್ಲವಾದ್ದರಿಂದ ನಾವು ಅವನಿಗೆ ಸ್ಲೈಡು ಎಂದು ಹೆಸರಿಟ್ಟೆವು. ಅದು ಅವನಿಗೂ ಗೊತ್ತಿತ್ತು.

ನಲವತ್ತೊಂದನೇ ಕಲಂ ಅವನು ಕೇಳಿದ್ದು, ನಾನು ಬರೆದದ್ದು. ಒಬ್ಬರ ಪಾಸ್‌ವರ್ಡ್, ಬೆರಳಚ್ಚು, ಮುಖಚಿತ್ರ, ವಿದ್ಯುನ್ಮಾನ ಸಹಿ, ಇವಕ್ಕೆಲ್ಲ ಸೇರಿಸಿ ಗುರುತಿನ ಕೀಲಿ ಎಂದು ಹೆಸರು ಕೊಟ್ಟಿದ್ದೆವು. ಮತ್ತೊಬ್ಬರ ಕೀಲಿಯನ್ನು ಮೋಸದ ಉದ್ದೇಶದಿಂದ ಬಳಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ ಎಂದು ಮೊದಲು ಬರೆದೆ. ಕಳ್ಳನನ್ನು ಬಿಟ್ಟು ನೋಡಿದೆವು. ಅವನು ನ್ಯಾಯಾಧೀಶರ ಮುಂದೆ ನಿಂತು, "ಅಜ್ಜಿಯೇ ಕೊಟ್ಟರು ಸ್ವಾಮಿ, ನಾನು ಬರೀ ಸಹಾಯ ಮಾಡಿದೆ" ಎಂದು ಹೇಳಿ ನಗುನಗುತ್ತ ಹೊರಗೆ ಬಂದ. ನನಗೆ ಮೈಯೆಲ್ಲ ಉರಿಯಿತು. ಮೋಸದ ಉದ್ದೇಶದಿಂದ ಎಂಬ ಮಾತನ್ನೇ ಕಿತ್ತುಹಾಕಿದೆ. ಬಳಸಿದರೆ ಮುಗಿಯಿತು, ಅಪರಾಧ. ಎರಡನೇ ಉಪಕಲಮಿನಲ್ಲಿ, ಕೀಲಿ ಕೊಟ್ಟವರೂ ಅಪರಾಧಿಗಳೇ. ಮತ್ತೆ ಕಳ್ಳನನ್ನು ಬಿಟ್ಟೆವು. ಅವನು ಎಲ್ಲ ಗೋಡೆಗೂ ತಲೆ ಚಚ್ಚಿಕೊಂಡು ಒಳಗೇ ಕೂತ. ಸ್ಲೈಡು ಚಪ್ಪಾಳೆ ತಟ್ಟಿದ.

"ಚೆನ್ನಾಗಿದೆ," ಎಂದರು ದೊಡ್ಡವರು. ಅವರ ಬಾಯಲ್ಲಿ ಆ ಮಾತು ಬರುವುದೇ ಅಪರೂಪ. ಕಾಗದದ ಪ್ರತಿಯನ್ನು ಅಕ್ಷರ ಅಕ್ಷರ ಓದಿ ಮುಗಿಸಿ, "ಹಾಕಮ್ಮ" ಎಂದು ತಮ್ಮ ಸಹಿಯ ಕೀಲಿಯನ್ನು ನನ್ನ ಕಡೆ ತಳ್ಳಿದರು. ಕಡತಗಳೆಲ್ಲ ಕಂಪ್ಯೂಟರಿಗೆ ಹೋದ ಮೇಲೆ ಅಧಿಕಾರಿಗಳಿಗೆಲ್ಲ ಹೆಬ್ಬೆರಳಿನಷ್ಟು ಉದ್ದದ ಆ ವಸ್ತುವನ್ನು ಕೊಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿ ಪಿನ್ ಒತ್ತಿದರೆ ಸಹಿ ಬೀಳುತ್ತದೆ. ದೊಡ್ಡವರಿಗೂ ಪರದೆಗೂ ಎಣ್ಣೆ ಸೀಗೆಕಾಯಿ. ಅವರು ಓದುತ್ತಾರೆ, ನಾನು ಸಿಕ್ಕಿಸುತ್ತೇನೆ. ಅವರ ಟೀ ಕಪ್ಪನ್ನು ಕಾಗದಗಳಿಂದ ದೂರ ಸರಿಸಿಡುವುದೂ ಇದೂ ನನಗೆ ಒಂದೇ. ಆ ದಿನದ ಕರಡಿಗೂ ಹಾಗೇ ಸಹಿ ಬಿತ್ತು.

ಮುಂದಿನ ಭಾನುವಾರ ಅಮ್ಮನನ್ನು ಕರೆದುಕೊಂಡು ತಂಗಿಯ ಅಂಗಡಿಗೆ ಹೋದೆ.

ಅಮ್ಮ ನಿವೃತ್ತ ಶಾಲಾ ಶಿಕ್ಷಕಿ. ತಾನಿನ್ನೂ ಬದುಕಿದ್ದೇನೆ ಎಂದು ವರ್ಷಕ್ಕೊಮ್ಮೆ ಸರ್ಕಾರಕ್ಕೆ ತೋರಿಸಿದರೆ ಮಾತ್ರ ಪಿಂಚಣಿ. ಮೊದಲು ಕಿಟಕಿಗೆ ಹೋಗಿ ಮುಖ ತೋರಿಸಿ ಬರುತ್ತಿದ್ದಳು. ಈಗ ಅದೂ ಪರದೆಯಲ್ಲೇ. ನನ್ನ ಫೋನು ಅಮ್ಮನ ಮುಖವನ್ನು ಎಷ್ಟು ತೋರಿಸಿದರೂ ಒಪ್ಪಲಿಲ್ಲ. "ಬದುಕಿರೋದೇ ಅನುಮಾನ ಅಂತಿದೆ ನೋಡು, ಅದಕ್ಕೇನು ಗೊತ್ತಾಗಿದೆಯೋ," ಎಂದು ಅಮ್ಮ ನಕ್ಕಳು. ತಂಗಿಯ ಅಂಗಡಿ ಎಂದರೆ ನನಗೆ ಮೊದಲಿಂದ ಅಷ್ಟಕ್ಕಷ್ಟೇ. ಒಂದು ಜೆರಾಕ್ಸ್ ಯಂತ್ರ, ಎರಡು ಕಂಪ್ಯೂಟರು, ಕಿರ್ರೆನ್ನುವ ಫ್ಯಾನು, ಕಾಲು ಮುರಿದು ಅಂಟು ಪಟ್ಟಿ ಸುತ್ತಿಸಿಕೊಂಡ ಪ್ಲಾಸ್ಟಿಕ್ ಕುರ್ಚಿಗಳು. ಗಂಡನಿಂದ ಬೇರೆಯಾಗಿ ಬಂದ ಮೇಲೆ ಇದನ್ನು ಹಾಕಿಕೊಂಡಳು. ನನ್ನ ಹತ್ತಿರ ಕೈ ಚಾಚಲಿಲ್ಲ, ಅದೊಂದು ಹಮ್ಮು ಅವಳಿಗೆ. ಬಾಯಿ ಮಾತ್ರ ಜೋರು, ಕೆಲಸವೆಲ್ಲ ಅಡ್ಡಾದಿಡ್ಡಿ.

ಅಮ್ಮನನ್ನು ಬೆಳಕಿನ ಕಡೆ ಕೂರಿಸಿ, ಅವಳು ಅಮ್ಮನ ಖಾತೆ ತೆರೆದು ಪಾಸ್‌ವರ್ಡನ್ನು ಪಟಪಟ ಒತ್ತಿದಳು.

"ಅಮ್ಮನ ಪಾಸ್‌ವರ್ಡ್ ನಿಂಗೆ ಹೇಗೆ ಗೊತ್ತು?"

"ಇಟ್ಟೋಳು ನಾನೇ ಅಲ್ವಾ? ಇಡೀ ಬೀದಿಗೆ ಅದೇ."

"ಅದೇ ಅಂದ್ರೆ?"

"ಎಲ್ಲರಿಗೂ ಒಂದೇ. ಬೇರೆ ಬೇರೆ ಇಟ್ರೆ ನನಗೆ ನೆನಪಿರಬೇಕಲ್ಲ. ಗೂಬಕ್ಕ, ಒಂದು, ಎರಡು, ಮೂರು."

ಗೂಬಕ್ಕ ಎಂದರೆ ನಾನು. ಚಿಕ್ಕವಳಿದ್ದಾಗಿನಿಂದ ದಪ್ಪ ಕನ್ನಡಕ ಹಾಕಿಕೊಂಡು ಪುಸ್ತಕದ ಮುಂದೆ ಕೂರುತ್ತಿದ್ದೆನೆಂದು ಅವಳಿಟ್ಟ ಹೆಸರು. ಬೀದಿಯ ಹಾಲಿನವನು, ದರ್ಜಿ, ಎದುರು ಮನೆಯ ಮುದುಕ, ಎಲ್ಲರೂ ಸರ್ಕಾರದ ಬಾಗಿಲನ್ನು ನನ್ನ ಅಡ್ಡಹೆಸರಿನಿಂದ ತೆರೆಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು, ಚೀಲದಿಂದ ಗಂಡಸರ ಫೋನೊಂದನ್ನು ತೆಗೆದು ತಂಗಿಯ ಮುಂದಿಟ್ಟಳು. ಬಸ್ ಡ್ರೈವರ್ ಒಬ್ಬನ ಹೆಂಡತಿ. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ದಾನೆ, ಮಾತಿಲ್ಲ. ಪ್ರತಿ ತಿಂಗಳೂ ಅವನ ಹೆಸರಿನಲ್ಲಿ ಅರ್ಜಿ ಹಾಕಿದರೆ ಔಷಧಿ ಸಿಗುತ್ತದೆ.

"ಫೋನಿನ ಬೀಗ ತೆಗೆಸ್ಕೊಂಡು ಬಂದ್ಯಾ?" ಎಂದಳು ತಂಗಿ.

"ಹೂಂ. ಬೆಳಿಗ್ಗೆ ಮುಖ ಒರೆಸುವಾಗ ಅವರ ಬೆರಳು ಹಿಡಿದು ಒತ್ತಿಸಿದೆ. ಮತ್ತೆ ಬೀಗ ಬೀಳದ ಹಾಗೆ ದಾರಿಯುದ್ದಕ್ಕೂ ಪರದೆ ಮುಟ್ಕೊಂಡೇ ಬಂದೆ."

ನನಗೆ ಎದೆ ಧಸಕ್ಕೆಂದಿತು. ನಾನು ಗಾರೆ ಮೆತ್ತಿದ ಗೋಡೆಯೊಳಗೆ ಇವರಿಬ್ಬರೂ ನಿಂತಿದ್ದರು. ತಂಗಿಗೆ ಒಂದೊಂದು ಅರ್ಜಿಗೂ ಮೂರು ವರ್ಷ. ಆ ಹೆಂಗಸಿಗೆ ಗಂಡನ ಬೆರಳು ಹಿಡಿದದ್ದಕ್ಕೆ ಮೂರು ವರ್ಷ. ಅಮ್ಮ ಪಾಸ್‌ವರ್ಡ್ ಕೊಟ್ಟ ತಪ್ಪಿಗೆ ಎರಡನೇ ಉಪಕಲಂ. ಶಿಕ್ಷೆಯ ಕಲಮಿಗೆ ಕಳ್ಳನನ್ನು ಬಿಟ್ಟು ಬಿಟ್ಟು ಅಭ್ಯಾಸವಾಗಿ, ಒಬ್ಬ ನೆಟ್ಟಗಿನ ಮನುಷ್ಯ ಅದರೊಳಗೆ ಕಾಲಿಟ್ಟರೆ ಏನಾಗುತ್ತದೆ ಎಂದು ನಾವು ಯಾವತ್ತೂ ನೋಡಿರಲಿಲ್ಲ. ಹೊಳೆದೇ ಇರಲಿಲ್ಲ.

"ಯಾಕಕ್ಕ, ಮುಖ ಹಾಗೆ ಮಾಡ್ಕೊಂಡಿದ್ದೀಯ?"

"ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಡಬೇಡ ಕಣೆ. ಮೊದಲು ಅದನ್ನ ಬದಲಾಯಿಸು."

"ಯಾಕೆ? ನಿಮ್ಮ ಆಫೀಸಲ್ಲಿ ಏನಾದ್ರೂ ಬೇಯ್ತಿದೆಯಾ?"

ಮಸೂದೆ ಪ್ರಕಟವಾಗುವ ತನಕ ಅದರ ಒಂದಕ್ಷರವೂ ಹೊರಗೆ ಬೀಳಬಾರದು ಎಂಬುದು ನಮ್ಮ ಕೆಲಸದ ಮೊದಲ ನಿಯಮ. ಬಾಯಿಗೆ ಬೀಗ ಹಾಕಿಕೊಂಡೇ ನಾನು ತಲೆ ನರೆಸಿಕೊಂಡವಳು. "ಸುಮ್ನೆ ಹೇಳ್ದೆ," ಎಂದೆ. ತಂಗಿ ನನ್ನ ಮುಖವನ್ನೊಮ್ಮೆ ನೋಡಿ ಕೆಲಸಕ್ಕೆ ತಿರುಗಿದಳು. ಪರದೆಯ ಮೇಲೆ ಅಮ್ಮ ಬದುಕಿದ್ದಾಳೆ ಎಂದು ಹಸಿರು ಗುರುತು ಬಿತ್ತು.

ಆ ವಾರವಿಡೀ ಕೆಲಸದಲ್ಲಿ ನನಗೆ ಮನಸ್ಸೇ ಇರಲಿಲ್ಲ. ಕಲಮಿಗೆ ಒಂದು ವಿನಾಯಿತಿ ಸೇರಿಸುವುದು ಕಷ್ಟವಲ್ಲ, ಎರಡು ಸಾಲಿನ ಕೆಲಸ. ಆದರೆ ನಮ್ಮಲ್ಲಿ ಇನ್ನೊಂದು ನಿಯಮವಿದೆ. ಬರೆಯುವ ಕಲಂ ಸ್ವಂತ ಸಂಬಂಧಿಕರ ಹೊಟ್ಟೆಪಾಡಿಗೆ ತಾಗುವುದಾದರೆ, ಅದನ್ನು ಹೇಳಿ ಮೇಜಿನಿಂದ ಏಳಬೇಕು. ಆಮೇಲೆ ಆ ಮಸೂದೆಯ ಮೇಲೆ ಕೈ ಇಡುವ ಹಾಗಿಲ್ಲ. ದೊಡ್ಡವರೇ ಒಮ್ಮೆ ಅಳಿಯನ ಔಷಧಿ ಅಂಗಡಿಯ ಕಾರಣಕ್ಕೆ ಔಷಧಿ ಮಸೂದೆಯಿಂದ ಎದ್ದು ಹೋಗಿದ್ದರು. ತಂಗಿಯ ವಿಷಯ ಹೇಳದೆ ವಿನಾಯಿತಿ ಬರೆದರೆ, ದೇಶದ ಕಾನೂನಿನಲ್ಲಿ ನನ್ನ ತಂಗಿಗೆ ಕದ್ದು ಬಾಗಿಲು ಇಟ್ಟ ಹಾಗೆ. ಹೇಳಿದರೆ ಮಸೂದೆ ನನ್ನ ಕೈ ಬಿಟ್ಟು ಹೋಗುತ್ತದೆ, ಕಲಮೂ ಇದ್ದ ಹಾಗೇ ಉಳಿಯಬಹುದು. ಸುಮ್ಮನಿದ್ದರೆ ತಂಗಿ ಜೈಲಿಗೆ. ಯಾವ ಕಡೆ ತಿರುಗಿದರೂ ನಾನೇ ಮೆತ್ತಿದ ಗಾರೆ. ನನ್ನ ಜಾಣತನಕ್ಕೆ ನಾನೇ ಹಿಡಿಶಾಪ ಹಾಕಿಕೊಂಡೆ.

ಕೊನೆಯ ಓದಿನ ದಿನ ಬಂತು. ಕೊನೆಯ ಓದು ಎಂದರೆ ಮಸೂದೆಯನ್ನು ಆರಂಭದಿಂದ ಅಂತ್ಯದವರೆಗೆ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಪ್ರತಿ ಹಿಡಿದು ಕೇಳುವುದು. ಅದು ಮುಗಿದು ದೊಡ್ಡವರ ಸಹಿ ಬಿದ್ದರೆ ಕರಡು ಮಂತ್ರಿಮಂಡಲಕ್ಕೆ ಹೊರಟಿತು. ಅಲ್ಪವಿರಾಮ ಓದುತ್ತಿದ್ದ. ಅವನು ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಕಾನೂನು ಮುಗಿದೇ ಹೋಯಿತೇನೋ ಅನ್ನಿಸುತ್ತಿತ್ತು. ನಲವತ್ತೊಂದಕ್ಕೆ ಬಂದಾಗ ನಾನು ಕೈ ಎತ್ತಿದೆ.

"ಸಾರ್, ಇದನ್ನ ಇನ್ನೊಂದ್ಸಲ ನಡೆಸ್ಬೇಕು. ಈ ಸಲ ಕಳ್ಳನನ್ನಲ್ಲ, ಒಬ್ಬ ಒಳ್ಳೆಯವನನ್ನ."

ದೊಡ್ಡವರು ಹುಬ್ಬೇರಿಸಿದರು. ನಾನು ನಡೆಸಿದೆ. ಓದು ಬಾರದ, ಕಣ್ಣು ಮಂಜಾದ ಒಬ್ಬರು ಮನೆ ಬಾಗಿಲು ಹಾಕಿಕೊಂಡು ಹೊರಟರು. ಕಿಟಕಿ ಮುಚ್ಚಿದೆ, ನಾವೇ ಮುಚ್ಚಿಸಿದ್ದು. ಬೀದಿ ಕೊನೆಯ ಅಂಗಡಿಗೆ ಹೋದರು. ಅಂಗಡಿಯವಳು ಅವರ ಪಾಸ್‌ವರ್ಡ್ ಒತ್ತಿದಳು. ಅರ್ಜಿ ಹೋಯಿತು. ಇಬ್ಬರೂ ಅಪರಾಧಿಗಳಾದರು.

ಸ್ಲೈಡು ಗೋಡೆಯ ಮೇಲೆ ಚಿತ್ರ ಬಿಡದೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು. "ಮೇಡಂ, ನಮ್ಮಜ್ಜಿ ಮನೆ ಹೋಗಿದ್ದು ಹೀಗೇನೇ. ಪಕ್ಕದ ಮನೆಯವ್ನು, ದಿನಾ ಬಂದು ಫೋನಲ್ಲಿ ಸಹಾಯ ಮಾಡೋನು. ಅಜ್ಜಿಗೆ ಅವ್ನು ಮೊಮ್ಮಗನ ಥರ. ನನಗಿಂತ ಜಾಸ್ತಿ. ಒಂದಿನ ಮನೆ ಅವ್ನ ಹೆಸರಲ್ಲಿತ್ತು. ಕೋರ್ಟಲ್ಲಿ ಅವ್ನು ಹೇಳಿದ್ದೇನು ಗೊತ್ತಾ? ಸಹಾಯ ಮಾಡಿದೆ ಅಂತ."

ನಾನು ತಲೆ ತಗ್ಗಿಸಿದೆ. ಅವನು ಹೇಳಿದ್ದರಲ್ಲಿ ಒಂದು ಎಳೆಯೂ ಸುಳ್ಳಿರಲಿಲ್ಲ.

"ಅಂಗಡಿಯವಳು ಅಂದ್ಯಲ್ಲಮ್ಮ," ಎಂದರು ದೊಡ್ಡವರು ನಿಧಾನವಾಗಿ. "ಸುಮ್ನೆ ಕಲ್ಪನೆಯೋ, ಅಂಥವರು ಯಾರಾದ್ರೂ ಇದ್ದಾರೋ?"

ಕಲ್ಪನೆ ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ನಂಬುತ್ತಿದ್ದರು. ನನ್ನ ಮಾತನ್ನು ಅವರು ಅನುಮಾನಿಸಿದ್ದೇ ಇಲ್ಲ, ಅದೇ ತೊಂದರೆಯಾಯಿತು.

"ನನ್ನ ತಂಗಿ, ಸಾರ್."

ಅಲ್ಪವಿರಾಮನ ಕೈಯಲ್ಲಿದ್ದ ಹಾಳೆ ಅಲ್ಲಾಡುವುದು ನಿಂತಿತು. ದೊಡ್ಡವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹಾಗಾದ್ರೆ ನೀವು ಏಳಬೇಕಾಗುತ್ತೆ," ಎಂದರು. ಯಾವಾಗಲೂ ಅಮ್ಮ ಎನ್ನುವವರು ಅವತ್ತು ನೀವು ಅಂದರು. ಅಲ್ಪವಿರಾಮನ ಕಡೆ ತಿರುಗಿ, "ಇವರು ಹೇಳಿದ್ದನ್ನ ಟಿಪ್ಪಣಿಯಿಂದ ತೆಗೀರಿ. ಹಿತಾಸಕ್ತಿ ಇರೋರ ಮಾತು ದಾಖಲೆಗೆ ಬರೋ ಹಾಗಿಲ್ಲ. ಮುಂದೆ ಓದಿ," ಎಂದರು.

ನಾನು ಎದ್ದು ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತೆ. ಮೇಜಿನ ಮೇಲೆ ನನ್ನ ಪೆನ್ಸಿಲ್ಲು, ನನ್ನ ಪ್ರತಿ, ನಾನು ವರ್ಷವಿಡೀ ಎದೆಗವಚಿಕೊಂಡು ತಿರುಗಿದ ಮಸೂದೆ, ಎಲ್ಲ ಅಲ್ಲೇ ಉಳಿದವು. ನಲವತ್ತೊಂದು ಇದ್ದ ಹಾಗೇ ದಾಟಿಹೋಯಿತು. ನಲವತ್ತೆರಡು, ನಲವತ್ತಮೂರು. ಮಸೂದೆಯೂ ಹೋಯಿತು, ತಂಗಿಯೂ ಉಳಿಯಲಿಲ್ಲ. ದುಃಖಕ್ಕಿಂತ ಮುಂಚೆ ಸಿಟ್ಟು ಬಂತು, ದೊಡ್ಡವರ ಮೇಲೆ, ನಿಯಮದ ಮೇಲೆ, ಎಲ್ಲರಿಗೂ ಒಂದೇ ಪಾಸ್‌ವರ್ಡ್ ಇಟ್ಟ ಆ ಪೆದ್ದಿಯ ಮೇಲೆ. ಆಮೇಲೆ ಕಣ್ಣು ತುಂಬಿ ಪರದೆ, ಕಿಟಕಿ, ಅಲ್ಪವಿರಾಮನ ಬಕ್ಕತಲೆ ಎಲ್ಲ ಕಲಸಿಹೋದವು.

ಓದು ಮುಗಿಯಿತು. ದೊಡ್ಡವರು ಪೆನ್ಸಿಲ್ ಕೆಳಗಿಟ್ಟು, ಕಿಸೆಯಿಂದ ಸಹಿಯ ಕೀಲಿ ತೆಗೆದು, ಮೇಜಿನ ಮೇಲೆ ತಳ್ಳಿದರು.

"ಹಾಕಮ್ಮ."

ಕೀಲಿ ಜಾರಿಕೊಂಡು ಬಂದು ನನ್ನ ಖಾಲಿ ಕುರ್ಚಿಯ ಮುಂದೆ ನಿಂತಿತು. ಎಲ್ಲರೂ ಅದನ್ನು ನೋಡಿದರು.

"ಸಾರ್, ನಾನು ಎದ್ದಿದ್ದೀನಿ," ಎಂದೆ.

"ಓ. ಹೌದಲ್ಲ." ಅವರು ಕೈ ಚಾಚಿ ಕೀಲಿಯನ್ನು ಹಿಂದಕ್ಕೆ ತೆಗೆದುಕೊಂಡರು. ಸ್ಲೈಡು ಮರ್ಯಾದೆಯಿಂದ ಲ್ಯಾಪ್‌ಟಾಪನ್ನು ಅವರ ಕಡೆ ತಿರುಗಿಸಿದ. ಅವರು ಮೊದಲು ತಲೆಕೆಳಗಾಗಿ ಸಿಕ್ಕಿಸಲು ನೋಡಿ, ಆಮೇಲೆ ಸರಿಯಾಗಿ ಸಿಕ್ಕಿಸಿದರು. ಪರದೆ ಪಿನ್ ಕೇಳಿತು. ಅವರ ಬೆರಳು ಕೀಲಿಮಣೆಯ ಮೇಲೆ ಹೋಗಿ ನಿಂತಿತು. ಕನ್ನಡಕದ ಮೇಲಿಂದ ಕೊಠಡಿಯಲ್ಲಿ ನನ್ನನ್ನು ಹುಡುಕಿದರು.

"ನಂಬರ್ ಏನಮ್ಮ?"

ಆ ಪಿನ್ ಇಟ್ಟವಳು ನಾನು. ಕೀಲಿ ಬಂದ ದಿನ ಅವರಿಗೆ ಓದುವ ಅವಸರ, ನೀನೇ ಏನಾದರೂ ಇಡು ಎಂದಿದ್ದರು. ಅಲ್ಲಿಂದ ಇಲ್ಲಿಯವರೆಗೆ ಈ ದೇಶದ ಎಷ್ಟೋ ಕಾನೂನಿನ ಕೆಳಗೆ ಅವರ ಸಹಿ ಒತ್ತಿದ ಬೆರಳು ನನ್ನದು. ನಲವತ್ತೊಂದನೇ ಕಲಮಿಗೂ ಅದೇ ಬೆರಳು. ತಂಗಿಯನ್ನು ನೋಡಿ ಎದೆ ಒಡೆದುಕೊಂಡವಳಿಗೆ ಇದು ಕಣ್ಣಿಗೇ ಬಿದ್ದಿರಲಿಲ್ಲ. ನಂಬರ್ ನಾಲಿಗೆಯ ತುದಿಯಲ್ಲಿತ್ತು, ಬಾಯಿ ತೆರೆಯಲಾಗಲಿಲ್ಲ. ಅವರ ಮೇಲೆ ಕನಿಕರ, ನನ್ನ ಮೇಲೆ ನಾಚಿಕೆ.

ದೊಡ್ಡವರ ಕಿವಿ ಕೆಂಪಾಯಿತು. ಅವರಿಗೆ ಅರ್ಥವಾದದ್ದು ನನಗೆ ಕಾಣಿಸಿತು. ಕೀಲಿಯನ್ನು ಕಿತ್ತು ಕಿಸೆಗೆ ಹಾಕಿಕೊಂಡರು. ಲ್ಯಾಪ್‌ಟಾಪ್ ಮುಚ್ಚಿದರು.

"ನಲವತ್ತೊಂದು ತೆಗೀರಿ."

"ಅದು... ಮುಗೀತಲ್ಲ, ಸಾರ್," ಎಂದ ಅಲ್ಪವಿರಾಮ.

"ಮುಗಿದಿಲ್ಲ. ಮತ್ತೆ ನಡೆಸಿ. ಕಳ್ಳ ಬೇಡ, ಇವರ ತಂಗಿಯೂ ಬೇಡ. ನನ್ನ ನಡೆಸಿ."

"ನಿಮ್ಮನ್ನಾ?"

"ನನ್ನೇ. ಮನೆ ಬಾಗಿಲಿನಿಂದ."

ಅಲ್ಪವಿರಾಮ ಶುರು ಮಾಡಿದ. "ತಾವು ಮನೆ ಬಾಗಿಲು ಹಾಕ್ಕೊಂಡು ಹೊರಟ್ರಿ. ಕಚೇರಿಗೆ ಬಂದ್ರಿ. ಕಾಗದ ಓದಿದ್ರಿ. ಕೀಲಿ... ತಳ್ಳಿದ್ರಿ."

"ಆಮೇಲೆ?"

"ಆಮೇಲೆ ಮೇಡಂ ಜೈಲಿಗೆ, ಸಾರ್. ತಾವು ಎರಡನೇ ಉಪಕಲಮಿನಲ್ಲಿ, ಅವರ ಹಿಂದೇನೇ."

ಸ್ಲೈಡು ತನ್ನ ಚೀಲಕ್ಕೆ ಕೈ ಹಾಕಿ, ಇನ್ನೊಂದು ಸಹಿಯ ಕೀಲಿಯನ್ನು ತೆಗೆದು ಮೇಜಿನ ಮೇಲಿಟ್ಟ. "ಇದು ನಮ್ಮ ಸಾಹೇಬರದ್ದು," ಎಂದ ಸಣ್ಣ ದನಿಯಲ್ಲಿ. "ಮೀಟಿಂಗಿಗೆ ಹೋಗ್ತಾ ನನಗೆ ಕೊಟ್ಟು ಹೋಗಿದ್ದಾರೆ. ಯಾವಾಗ್ಲೂ ಕೊಟ್ಟೇ ಹೋಗ್ತಾರೆ."

"ನಿಮ್ಮಜ್ಜಿ ಮನೆ ತಗೊಂಡವನಿಗೂ ನಿಮಗೂ ಏನು ವ್ಯತ್ಯಾಸ, ಅದನ್ನ ಬರೀಬೇಕು ಈಗ," ಎಂದರು ದೊಡ್ಡವರು. ಅದರಲ್ಲಿ ಹಂಗಿಸುವ ದನಿ ಇರಲಿಲ್ಲ. ನನ್ನ ಕಡೆ ತಿರುಗಿ, "ನೀನು ಆಚೆ ಹೋಗಮ್ಮ. ಕೇಳಿಸ್ಕೊಳ್ಳೋದೂ ಸರಿಯಲ್ಲ," ಎಂದರು.

ಈ ಸಲ ಮರೆತು ಅಲ್ಲ, ತಿಳಿದೇ ಅಮ್ಮ ಎಂದಿದ್ದರು. ಹೊರಗೆ ಬಂದು ಮೆಟ್ಟಿಲಿನ ಮೇಲೆ ಕೂತು ಸಮಾಧಾನವಾಗುವಷ್ಟು ಅತ್ತೆ.

ಮಸೂದೆಯ ಕರಡು ಸಾರ್ವಜನಿಕರ ಆಕ್ಷೇಪಣೆಗೆಂದು ಪ್ರಕಟವಾದ ವಾರ ಅಂಗಡಿಗೆ ಹೋದೆ. ತಂಗಿ ಪರದೆಯ ಮುಂದೆ ಕೂತು ಕೆಂಡಕಾರುತ್ತಿದ್ದಳು.

"ಕೇಳಿಲ್ಲಿ. ವ್ಯಕ್ತಿಯ ಕೋರಿಕೆಯ ಮೇರೆಗೆ, ಆ ವ್ಯಕ್ತಿಯ ಸಮಕ್ಷಮ, ತನ್ನ ಹೆಸರನ್ನು ದಾಖಲಿಸಿ, ಕೀಲಿಯನ್ನು ತನ್ನಲ್ಲಿ ಇಟ್ಟುಕೊಳ್ಳದೆ, ಸಹಾಯ ಮಾಡಿದವರು, ಅಪರಾಧಿಯಲ್ಲ! ಅಂದ್ರೆ ಇಷ್ಟು ದಿನ ನಾನು ಅಪರಾಧಿನಾ? ಇನ್ಮೇಲೆ ಪಾಸ್‌ವರ್ಡನ್ನ ಅವರವರೇ ಒತ್ತಬೇಕಂತೆ. ಇಡೀ ಬೀದೀದು ಬದಲಾಯಿಸ್ಬೇಕು. ಯಾವ ಪುಣ್ಯಾತ್ಮ ಬರೆದನೋ, ಸಾಲಿಗೆ ಹತ್ತು ಕಡೆ ನಿಂತು ಉಸಿರು ಬಿಟ್ಟಿದ್ದಾನೆ." ಥಟ್ಟನೆ ನನ್ನ ಕಡೆ ತಿರುಗಿದಳು. "ನೀನಲ್ಲ ತಾನೆ?"

"ನಾನಲ್ಲ," ಎಂದೆ.

ನಿಜವನ್ನೇ ಹೇಳಿದ್ದೆ. ವಾಕ್ಯ ಕೇಳಿ ನನ್ನ ಕೈ ತುರಿಸುತ್ತಿತ್ತು, ನಾನಾಗಿದ್ದರೆ ಅರ್ಧದಲ್ಲಿ ಮುಗಿಸುತ್ತಿದ್ದೆ. ಆದರೂ ಆ ಒಡ್ಡೊಡ್ಡಾದ ಸಾಲಿನೊಳಗೆ ನನ್ನ ತಂಗಿ ಬೈದುಕೊಂಡು, ಸದ್ದು ಮಾಡಿಕೊಂಡು, ಸುರಕ್ಷಿತವಾಗಿ ಕೂತಿದ್ದಳು. ಅವಳ ಬೈಗುಳ ಕೇಳಲು ಎಷ್ಟು ಹಿತವಾಗಿತ್ತೆಂದರೆ, ಟೀ ತರಿಸಿಕೊಂಡು ಕುಡಿಯುತ್ತಾ ಪೂರ್ತಿ ಕೇಳಿದೆ.

ಆಗ ಡ್ರೈವರನ ಹೆಂಡತಿ ಬಂದಳು. ಬೆರಳಿನಿಂದ ಪರದೆಯನ್ನು ಮುಟ್ಟುತ್ತಲೇ ಇದ್ದ ಫೋನನ್ನು ಮುಂದಿಟ್ಟಳು. ತಂಗಿ ಕೈ ಚಾಚಿದವಳು ಹಿಂದಕ್ಕೆ ತೆಗೆದುಕೊಂಡಳು. ಪರದೆಯ ಮೇಲಿನ ಸಾಲನ್ನು ಇನ್ನೊಂದು ಸಲ ಓದಿದಳು.

"ಸಮಕ್ಷಮ ಅಂದ್ರೆ ಎದುರಿಗೇ ಇರಬೇಕು ಅಂತ ತಾನೆ ಅಕ್ಕ? ಇವರ ಯಜಮಾನ್ರು ಹಾಸಿಗೆಯಿಂದ ಏಳಲ್ಲ. ಕೇಳ್ಕೊಳ್ಳೋಕೆ ಬಾಯೂ ಬರಲ್ಲ. ಇವರೇನ್ ಮಾಡ್ಬೇಕು?"

ಟೀ ಲೋಟ ಕೆಳಗಿಟ್ಟೆ. ನಾನು ತಂಗಿಯನ್ನು ನಡೆಸಿದೆ. ದೊಡ್ಡವರು ತಮ್ಮನ್ನೇ ನಡೆಸಿಕೊಂಡರು. ಇವಳು ಅದೇ ಕುರ್ಚಿಗಳ ನಡುವೆ, ಅದೇ ಫೋನು ಹಿಡಿದು ನಿಂತಿದ್ದನ್ನು ನಾನು ಕಣ್ಣಾರೆ ನೋಡಿದ್ದೆ. ನೋಡಿ ಎದೆ ಧಸಕ್ಕೆಂದದ್ದೂ ನಿಜ. ಆದರೂ ಮೇಜಿನ ಮುಂದೆ ಬಾಯಿ ತೆರೆದಾಗ ನನ್ನ ಬಾಯಿಂದ ಬಂದದ್ದು ನನ್ನವಳೊಬ್ಬಳೇ.

"ಆಕ್ಷೇಪಣೆ ಹಾಕೋಕೆ ಇನ್ನೂ ಅವಕಾಶ ಇದೆ," ಎಂದೆ. "ಅವರು ತಮ್ಮ ಹೆಸರಲ್ಲೇ ಹಾಕಲಿ, ಯಜಮಾನ್ರ ಹೆಸರಲ್ಲಲ್ಲ. ಹೇಳೋರು ಅವರು, ಬರೆಯೋಳು ನೀನು. ಅವರು ಎದುರಿಗೇ ಇದ್ದಾರಲ್ಲ."

"ನೀನೇ ಬರ್ಕೊಡಬಹುದಲ್ಲ? ಕಾನೂನಿನ ಭಾಷೆ ನಿನಗೆ ಬರುತ್ತೆ."

"ನನ್ನ ಭಾಷೆ ಬೇಡ."

ತಂಗಿ ಆ ಹೆಂಗಸಿನದೇ ಖಾತೆ ತೆರೆದು, ಕೀಲಿಮಣೆಯನ್ನು ಅವಳ ಕಡೆ ತಿರುಗಿಸಿ, ಹೊಸ ಪಾಸ್‌ವರ್ಡ್ ಒತ್ತು, ಯಾರಿಗೂ ಹೇಳಬೇಡ, ನನಗೂ, ಎಂದಳು. ನಾವಿಬ್ಬರೂ ಬೀದಿಯ ಕಡೆ ಮುಖ ಮಾಡಿ ನಿಂತೆವು. ಹಿಂದೆ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಒತ್ತುವ ಸದ್ದು ಬಹಳ ಹೊತ್ತು ಕೇಳಿಸಿತು. ತಿರುಗಿದಾಗ ಅವಳ ಹಣೆಯ ಮೇಲೆ ಬೆವರಿತ್ತು, ಮುಖದಲ್ಲಿ ಸಣ್ಣ ನಗೆಯೂ ಇತ್ತು. ತಂಗಿ ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಬೆರಳು ಸಿದ್ಧ ಮಾಡಿಕೊಂಡಳು.

"ಏನಂತ ಹೇಳ್ಲಿ?" ಎಂದಳು ಡ್ರೈವರನ ಹೆಂಡತಿ. "ಎಲ್ಲಿಂದ ಶುರು ಮಾಡ್ಲಿ?"

"ಮನೆ ಬಾಗಿಲಿನಿಂದ," ಎಂದು ಹೇಳಹೊರಟವಳು ತಡೆದೆ. ಇವಳ ದಾರಿ ಬಾಗಿಲಿಗಿಂತ ಹಿಂದೆಯೇ ಶುರುವಾಗುತ್ತಿತ್ತು.

"ಬೆಳಿಗ್ಗೆ ಅವರ ಮುಖ ಒರೆಸ್ತೀರಲ್ಲ," ಎಂದೆ, "ಅಲ್ಲಿಂದ ಹೇಳಿ."